ಕೂಳಿ ಎತ್ತುವಾಗ ಇದ್ದವರ ಪಾಲು

ಮೀನಿನ ವಿಷಯ ಮಾತಾಡಲು ನನಗೆ ಯಾವ ಯೋಗ್ಯತೆಯೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಾಗರದ ಕಡೆಯ ತೋಟದವರ ಮನೆಯಲ್ಲಿ ಹುಟ್ಟಿದವಳು ನಾನು. ನಮಗೆಲ್ಲ ಮೀನು ಅಂದರೆ ತೀರ್ಥಹಳ್ಳಿಯ ನೆಂಟರ ಮನೆಗೆ ಹೋದಾಗ ತುಂಗೆಯ ದಡದಲ್ಲಿ ನಿಂತು ಮಂಡಕ್ಕಿ ಎಸೆಯುವುದು, ಅಷ್ಟೇ. ಅವು ದೇವರ ಮೀನು, ಅಲ್ಲಿ ಯಾರೂ ಗಾಳ ಹಾಕುವ ಹಾಗಿಲ್ಲ. ಒಂದು ಹಿಡಿ ಮಂಡಕ್ಕಿ ಬಿದ್ದರೆ ಸಾಕು, ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬೀಳುತ್ತಿದ್ದವು. ಮೀನಿನ ಹೊಟ್ಟೆ ತುಂಬಿಸುವುದು ಗೊತ್ತಿತ್ತೇ ಹೊರತು ಮೀನಿನಿಂದ ನಮ್ಮ ಹೊಟ್ಟೆ ತುಂಬಿಸಿಕೊಳ್ಳುವುದು ನಮಗೆ ಗೊತ್ತಿರಲಿಲ್ಲ.

ಇಂಥವಳು ಹೋಗಿ ಹೋಗಿ ಇಂಗ್ಲಿಷ್ ಟೀಚರ್ ಆದೆ. ಆ ಭಾಷೆಯವರ ಬಾಯಲ್ಲಿ ಎಷ್ಟು ಮೀನು ಅಂತೀರಿ. ಹೊಸ ಜಾಗಕ್ಕೆ ಬಂದು ಒದ್ದಾಡುವವನು ಫಿಶ್ ಔಟ್ ಆಫ್ ವಾಟರ್, ನೀರಿನಿಂದ ಹೊರಗೆ ಬಿದ್ದ ಮೀನು. ಕಂಠಪೂರ್ತಿ ಕುಡಿಯುವವನು ಮೀನಿನ ಹಾಗೆ ಕುಡಿಯುತ್ತಾನೆ. ಏನೋ ಅನುಮಾನ ಬಂತೆಂದರೆ ಸಂಥಿಂಗ್ ಫಿಶಿ, ಅಲ್ಲೆಲ್ಲೋ ಮೀನಿನ ವಾಸನೆ. ನನಗೆ ಬೇರೆ ಕೆಲಸವಿದೆ ಅನ್ನುವುದಕ್ಕೆ, ಹುರಿಯಲು ಬೇರೆ ಮೀನಿದೆ ಅನ್ನುತ್ತಾರೆ. ಹುರಿದದ್ದನ್ನು ಕಣ್ಣಿನಿಂದ ಕೂಡ ನೋಡದ ನಾನು ಇವನ್ನೆಲ್ಲ ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು, ಅರ್ಥ ಬರೆಸಿ, ಎದುರು ಪ್ರಶ್ನೆ ಕೇಳಿದವರನ್ನು ಗದರಿಸಿ ಪಾಠ ಮುಗಿಸಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ನಮ್ಮ ಅಪ್ಪನ ಕಡೆಯಿಂದ ಬಂದದ್ದು, ನನ್ನ ತಪ್ಪೇನಿಲ್ಲ.

ಈಗ ಕೆಲವು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನಲ್ಲಿ, ನಿಟ್ಟೂರಿನ ಹತ್ತಿರದ ಒಂದು ಹೈಸ್ಕೂಲಿಗೆ ವರ್ಗವಾಯಿತು. ಶಾಲೆ ಶುರುವಾದ ವಾರವೇ ಹೆಡ್ಮಾಸ್ಟರು ಬಿಸಿಯೂಟದ ಅಡುಗೆಯವರ ಫಾರಂ ತಂದು ನನ್ನ ಮೇಜಿನ ಮೇಲೆ ಹಾಕಿ, ಎಲ್ಲ ತುಂಬಿದೆಯೋ ನೋಡಿ ಅಂದರು. ಪ್ರತಿ ಜೂನಿನಲ್ಲಿ ಅವರು ಹೊಸದಾಗಿ ಅರ್ಜಿ ಕೊಡಬೇಕು. ನಮ್ಮ ಮುಖ್ಯ ಅಡುಗೆಯಾಕೆಯ ಫಾರಂ ನೋಡಿದೆ. ಅಕ್ಷರ ನನ್ನದಕ್ಕಿಂತ ದುಂಡಗೆ. ಹೆಸರು, ಊರು ಎಲ್ಲ ಕಾಲಂ ತುಂಬ ಬರೆದವಳು, ವಿದ್ಯಾರ್ಹತೆ ಅನ್ನುವಲ್ಲಿ ಎಸ್.ಎಸ್.ಎಲ್.ಸಿ. ಎಂದು ಬರೆದು ಪಕ್ಕದಲ್ಲಿ 'ಫೇಲ್' ಅನ್ನುವುದನ್ನು ಸಾಸಿವೆ ಕಾಳಿನಷ್ಟು ಸಣ್ಣಗೆ ಬರೆದಿದ್ದಳು. ಕನ್ನಡಕ ಹಾಕಿಕೊಂಡು ಓದಬೇಕಾಯಿತು.

ಇದೇನು ಇಷ್ಟು ಸಣ್ಣಗೆ ಅಂತ ಕೇಳಿದೆ. ಹೆಚ್ಚೂ ಕಡಿಮೆ ನನ್ನ ವಯಸ್ಸಿನವಳೇ. ಸೌಟು ಹಿಡಿದ ಕೈಯಲ್ಲೇ ನಿಂತು ಹೇಳಿದಳು. ಬೇರೆಲ್ಲ ಸಬ್ಜೆಕ್ಟು ಪಾಸು, ಇಂಗ್ಲಿಷ್ ಒಂದರಲ್ಲಿ ಎರಡು ಸಲ ಕೂತು ಎರಡು ಸಲವೂ ಹೋಯಿತು, ಆಮೇಲೆ ಮದುವೆ ಆಯಿತು. ರೇಷನ್ ಕಾರ್ಡಿಗೆ, ಸಂಘಕ್ಕೆ, ಮಗಳ ಕಾಲೇಜಿಗೆ, ಎಲ್ಲಿ ಹೋದರೂ ಫಾರಂ. ಎಲ್ಲ ಫಾರಮ್ಮಿನಲ್ಲೂ ಆ ಒಂದು ಕಾಲಂ.

"ಆ ಫೇಲ್ ಅನ್ನೋದನ್ನ ಬರ್ದೂ ಬರ್ದೂ ಕೈ ಸೋತೋಯ್ತು ಅಕ್ಕೋರೆ," ಅಂದಳು.

ನಮ್ಮ ಕಡೆ ಹೆಂಗಸರು ಟೀಚರ್ ಆದರೆ ಅಕ್ಕೋರು. ಆಕೆ ಅದನ್ನು ಹೇಳಿದ್ದು ದೂರಿನ ಹಾಗಿರಲಿಲ್ಲ, ಅನ್ನ ಬೆಂದಿದೆ ಎಂದು ಹೇಳಿದ ಹಾಗಿತ್ತು. ನಾನು ಫಾರಮ್ಮಿಗೆ ಟಿಕ್ ಹಾಕಿ ಕೊಟ್ಟೆ.

ಅದಾಗಿ ಹತ್ತು ದಿನಕ್ಕೆ ಮಳೆ ಹಿಡಿಯಿತು. ಮೊದಲ ಮಳೆಗೆ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ನೀರಿನ ಎದುರಿಗೆ ಹತ್ತಿ ಬರುತ್ತವೆ. ಹತ್ತುಮೀನು ಅನ್ನುತ್ತಾರೆ. ಅವು ಬರುವ ದಾರಿಯಲ್ಲಿ, ಗದ್ದೆಯಂಚಿನ ಕಂಡಿಗೆ ಕೂಳಿ ಇಡುತ್ತಾರೆ. ಬಿದಿರು ಸೀಳಿ ಹೆಣೆದ ಉದ್ದನೆಯ ಬುಟ್ಟಿ ಅದು. ಒಳಗೆ ಹೋದ ಮೀನು ಹೊರಗೆ ಬರಲಾರದು. ನನಗೆ ನೋಡುವ ಚಪಲ. ಅಡುಗೆಯಾಕೆ, ಬೆಳಿಗ್ಗೆ ನಮ್ಮ ಗದ್ದೆ ಕಡೆ ಬನ್ನಿ, ಎತ್ತುವಾಗ ನೋಡಬಹುದು ಎಂದಳು. ಕೊಡೆ ಹಿಡಿದುಕೊಂಡು ಹೋದೆ.

ಆಕೆ, ಆಕೆಯ ಗಂಡ, ಅಕ್ಕಪಕ್ಕದ ಗದ್ದೆಯವರು ಒಂದಷ್ಟು ಜನ ಇದ್ದರು. ಕೂಳಿ ಎತ್ತಿದರು. ಒಳಗಿನ ಬಡಿದಾಟ ಕೇಳಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬುಟ್ಟಿಗೆ ಸುರಿದು ಅಲ್ಲೇ ಪಾಲು ಹಾಕಿದರು. ಹಾಗೆ ಹಾಕುವಾಗ ನನ್ನ ಮುಂದೆಯೂ ಒಂದು ಕೆಸುವಿನ ಎಲೆ ಬಂತು, ಅದರ ಮೇಲೆ ಮೂರು ಮೀನು. ಕಪ್ಪಗೆ, ನುಣ್ಣಗೆ, ಮೀಸೆ ಬೇರೆ. ಮುರುಗೋಡು ಅಂತೆ. ನಾನು ಗಾಬರಿಬಿದ್ದು, ಅಯ್ಯಯ್ಯೋ ನನಗೆ ಬೇಡ, ನಾವು ಮುಟ್ಟುವುದಿಲ್ಲ ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕೂಳಿ ಎತ್ತುವಾಗ ಎದುರಿಗೆ ಇದ್ದವರಿಗೆಲ್ಲ ಪಾಲು ಉಂಟು, ದಾರಿಹೋಕರಿಗೂ ಉಂಟು. ಅದನ್ನು ಬೇಡ ಅಂದರೆ ಆ ವರ್ಷ ಆ ಕೂಳಿಗೆ ಮೀನು ಬೀಳುವುದಿಲ್ಲ ಎಂದು ಅವರ ನಂಬಿಕೆ. ನೋಡಲು ಬರಬಾರದಿತ್ತು, ಬಂದ ಮೇಲೆ ಬೇಡ ಅನ್ನಬಾರದು. ಅಡುಗೆಯಾಕೆಯ ಮುಖ ಸಪ್ಪಗಾಯಿತು. ಆಯಿತು ಕೊಡಿ ಅಂದೆ. ಆಕೆ ಒಂದು ಪ್ಲಾಸ್ಟಿಕ್ ಕೊಡದಲ್ಲಿ ನೀರು ಹಾಕಿ ಮೂರನ್ನೂ ಬಿಟ್ಟು, ಮೇಲೆ ಬಟ್ಟೆ ಕಟ್ಟಿ ಕೈಗೆ ಕೊಟ್ಟಳು.

ಬಾಡಿಗೆ ಕೋಣೆಯ ಬಚ್ಚಲಿನಲ್ಲಿ ಕೊಡವಿಟ್ಟು ಅಮ್ಮನಿಗೆ ಫೋನ್ ಮಾಡಿದೆ.

"ಜೀವ ಇದ್ದು ಅಂದ್ರೆ ಹೊಳಿಗೆ ಬಿಟ್ಟಿಕ್ಕಿ ಬಾ ಮಾರಾಯ್ತಿ," ಅಂದಳು ಅಮ್ಮ. "ಕೊಡ ಮಾತ್ರ ಮನಿಗೆ ತರಡ."

ಬಿಡುವುದು ಸರಿ, ಎಲ್ಲಿ ಬಿಡುವುದು? ಊರ ಹಳ್ಳಕ್ಕೆ ಬಿಟ್ಟರೆ ಯಾರಾದರೂ ನೋಡುತ್ತಾರೆ. ನೋಡದಿದ್ದರೂ ಮಾರನೆಯ ಬೆಳಿಗ್ಗೆ ಅದೇ ಮೂರು ಮೀನು ಅದೇ ಕೂಳಿಗೆ ಬಂದು ಬೀಳುತ್ತವೆ ಅನ್ನಿಸಿತು. ನಮ್ಮಂಥವರ ತಲೆ ಓಡುವುದು ಒಂದೇ ಕಡೆಗೆ. ಮೀನನ್ನು ಯಾರೂ ಹಿಡಿಯದ ಜಾಗ ಭೂಮಿಯ ಮೇಲೆ ನನಗೆ ಗೊತ್ತಿದ್ದದ್ದು ತೀರ್ಥಹಳ್ಳಿ ಒಂದೇ. ಅವತ್ತು ಭಾನುವಾರ. ಕೊಡ ಎತ್ತಿಕೊಂಡು, ನಗರ ಅನ್ನುವ ಪಕ್ಕದ ಊರಿಗೆ ಹೋಗಿ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಗದ್ದೆಯ ಕೆಸರಿನಲ್ಲಿ ಬೆಳೆದ ಮೀನನ್ನು ದೇವರ ಮೀನುಗಳ ಜೊತೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ಹೊರಟ ಇಂಗ್ಲಿಷ್ ಟೀಚರ್ ಬೇರೆ ಯಾವ ತಾಲ್ಲೂಕಿನಲ್ಲೂ ಸಿಗಲಿಕ್ಕಿಲ್ಲ.

ಕವಲೇದುರ್ಗದ ಕಡೆಯ ತಿರುವುಗಳಲ್ಲಿ ಕೊಡ ಉರುಳಿತು. ಕಟ್ಟಿದ ಬಟ್ಟೆ ಬಿಚ್ಚಿಕೊಂಡಿತು. ನೀರೆಲ್ಲ ಸೀಟಿನ ಕೆಳಗೆ ಹರಿಯಿತು, ಮೂರು ಮೀನೂ ಹೊರಗೆ. ನಾನು ಕಣ್ಣು ಮುಚ್ಚಿಕೊಂಡೆ. ನೀರಿನಿಂದ ಹೊರಗೆ ಬಿದ್ದ ಮೀನು ಏನಾಗುತ್ತದೆಂದು ಎಷ್ಟು ಮಕ್ಕಳಿಗೆ ಬರೆಸಿದವಳಲ್ಲವೇ ನಾನು. ಸತ್ತವು, ಪಾಪ ತಗುಲಿತು ಎಂದುಕೊಂಡು ಕಣ್ಣು ತೆರೆದರೆ, ಎರಡು ನನ್ನ ಚಪ್ಪಲಿಯ ಹತ್ತಿರ ಮೀಸೆ ಆಡಿಸುತ್ತಿವೆ. ಮೂರನೆಯದು ಎರಡೂ ಬದಿಯ ಮುಳ್ಳು ಊರಿಕೊಂಡು, ಮೈ ತಿರುಚುತ್ತಾ, ಡ್ರೈವರ್ ಸೀಟಿನ ಕಡೆಗೆ ನೆಟ್ಟಗೆ ನಡೆದು ಹೋಗುತ್ತಿದೆ. ನಾನು ಸೀಟಿನ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತೆ. ಬಸ್ಸಿನಲ್ಲಿ ಆರಾಮಾಗಿ ಇಲ್ಲದಿದ್ದವಳು ನಾನೊಬ್ಬಳೇ.

ಮುಂದಿನ ಸೀಟಿನ ಅಜ್ಜಿಯೊಬ್ಬಳು ಸೆರಗಿನಿಂದ ಕುತ್ತಿಗೆ ಹಿಡಿದು ಮೂರನ್ನೂ ಕೊಡಕ್ಕೆ ಹಾಕಿದಳು. ಬರಿಗೈಯಲ್ಲಿ ಮುಟ್ಟಿದರೆ ಆ ಮುಳ್ಳು ಎರಡು ದಿನ ಉರಿಸುತ್ತದಂತೆ. ಸಾರಿಗೋ ಹುರಿಯಲಿಕ್ಕೋ ಎಂದು ಕೇಳಿದಳು. ಹೊಳೆಗೆ ಬಿಡಲಿಕ್ಕೆ ಎಂದೆ. ಅಜ್ಜಿ ಅದನ್ನು ನನ್ನ ಹಿಂದಿನ ಸೀಟಿನವರಿಗೆ ಹೇಳಿದಳು, ಅವರು ಅವರ ಹಿಂದಿನವರಿಗೆ. ನಗು ಕೊನೆಯ ಸೀಟು ಮುಟ್ಟುವ ಹೊತ್ತಿಗೆ ಕಂಡಕ್ಟರ್ ಬಂದು, ನಡೆದಾಡಿದ್ದಕ್ಕೆ ಒಂದು ಹಾಫ್ ಟಿಕೆಟ್ ಹರಿಯಲೇ ಎಂದು ಕೇಳಿದ. ತುಂಗೆಯಲ್ಲಿ ಬಿಟ್ಟಾಗ ದೇವರ ಮೀನುಗಳು ಮಂಡಕ್ಕಿ ಎಂದುಕೊಂಡು ನುಗ್ಗಿ ಬಂದವು. ನಮ್ಮ ಮೂವರು ಯಾರನ್ನೂ ಮಾತಾಡಿಸದೆ ಕಲ್ಲಿನ ಸಂದಿಗೆ ಇಳಿದುಹೋದರು.

ಊರಿಗೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಸೋಮವಾರ ಅಡುಗೆ ಕೋಣೆಯ ಮುಂದೆ ತಲೆ ತಗ್ಗಿಸಿ ದಾಟಿ ಹೋಗೋಣವೆಂದರೆ ಆಕೆ ಕರೆದಳು. ಬೈಯುತ್ತಾಳೆಂದುಕೊಂಡೆ. ಆಕೆ ಏನೋ ಹೇಳಲು ಬಾಯಿ ತೆರೆದವಳು ನಗಲು ಶುರುಮಾಡಿ, ನಿಲ್ಲಲಾರದೆ ಅಕ್ಕಿ ಚೀಲದ ಮೇಲೆ ಕೂತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡ ಮೇಲೆ, ಇದ್ದಕ್ಕಿದ್ದಂತೆ ಆಕೆ, ನನಗೆ ಇಂಗ್ಲಿಷ್ ಹೇಳಿಕೊಡುತ್ತೀರಾ, ಈ ಸಲ ಪರೀಕ್ಷೆ ಕಟ್ಟಿಬಿಡುತ್ತೇನೆ ಎಂದಳು.

"ಮೂರು ಮೀನಿಗೆ ತೀರ್ಥಳ್ಳಿವರೆಗೆ ಹೋದವ್ರು ನೀವು. ನನ್ನನ್ನ ಅರ್ಧ ದಾರೀಲಿ ಬಿಡಾಕಿಲ್ಲ ಬಿಡಿ."

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆ ಕೋಣೆಯಲ್ಲೇ ಪಾಠ. ಬೇಳೆ ಡಬ್ಬದ ಮೇಲೆ ಪುಸ್ತಕ. ವ್ಯಾಕರಣ ಹೇಗೋ ಸಾಗುತ್ತಿತ್ತು. ನುಡಿಗಟ್ಟುಗಳ ಪುಟಕ್ಕೆ ಬಂದಾಗ ಬಂತು ನೋಡಿ ಕುತ್ತು. ಆಕೆಗೆ ಒಂದೂ ಒಪ್ಪಿಗೆಯಿಲ್ಲ. ಮೀನು ನೀರು ಕುಡಿಯುವುದನ್ನು ಇವರು ಯಾವಾಗ ನೋಡಿದರು ಅಂದಳು. ಮೀನಿನ ವಾಸನೆ ಬಂದರೆ ಅನುಮಾನ ಯಾಕೆ, ಆ ಮನೆಯಲ್ಲಿ ಇವತ್ತು ಒಳ್ಳೆಯ ಊಟ ಅಂತಲ್ಲವೇ ಅರ್ಥ? ಸಣ್ಣ ಕೆರೆಯ ದೊಡ್ಡ ಮೀನು ಅನ್ನುವುದಕ್ಕೆ, ಸಣ್ಣ ಊರಿನಲ್ಲಿ ಮೆರೆಯುವವನು ಎಂದು ನಾನು ಅರ್ಥ ಹೇಳಿದರೆ, ನಮ್ಮೂರ ಕೆರೆಯಲ್ಲಿ ಅಂಥ ಮೀನು ಸಂಜೆಯವರೆಗೆ ಉಳಿಯುವುದಿಲ್ಲ, ಮೆರೆಯುವುದೆಲ್ಲಿ ಎಂದಳು. ಫಿಶ್ ಔಟ್ ಆಫ್ ವಾಟರ್ ಅಂತೂ ಅಪ್ಪಟ ಸುಳ್ಳು. ಮುರುಗೋಡು ಗದ್ದೆಯಂಚು ದಾಟಿ ನಡೆದು ಹೋಗುವುದನ್ನು ಊರೇ ನೋಡಿದೆ, ಬಸ್ಸಿನಲ್ಲಿ ನೀವೇ ನೋಡಿದ್ದೀರಿ. ಇದು ಆ ಮೀನಲ್ಲ ಅಂದೆ. ಹಾಗಾದರೆ ಯಾವ ಮೀನು ಅಂತ ಬರೆಯಬೇಕಿತ್ತು ಅಂದಳು.

ನನ್ನ ಸಿಟ್ಟು ಮೂಗಿನಿಂದ ಬಾಯಿಗೆ ಬಂತು.

"ಹೀಗೆ ವಾದ ಮಾಡಿ ಮಾಡಿಯೇ ನೀವು ಎರಡು ಸಲ ಫೇಲ್ ಆಗಿದ್ದು," ಅಂದೆ.

ಆ ಮಾತು ಬಾಯಿಂದ ಬಿದ್ದ ಕೂಡಲೇ ನನಗೇ ಕೇಳಿಸಿತು, ಎಂಥ ಮಾತಾಡಿದೆ ಎಂದು. ಆಕೆ ಪುಸ್ತಕ ಮುಚ್ಚಿ, ಡಬ್ಬದ ಹಿಂದೆ ಇಟ್ಟು, ಕೆಲಸವಿದೆ ಎಂದು ಎದ್ದಳು. ಎಂಟು ದಿನ ಪಾಠಕ್ಕೆ ಕೂರಲಿಲ್ಲ. ಊಟ ಬಡಿಸುತ್ತಿದ್ದಳು, ನಮಸ್ಕಾರ ಹೇಳುತ್ತಿದ್ದಳು, ಅಷ್ಟೇ. ನನಗೆ ಊಟ ಸೇರುತ್ತಿರಲಿಲ್ಲ. ಆಕೆ ಯಾವ ಮಾತನ್ನು ಸಾಸಿವೆಯಷ್ಟು ಸಣ್ಣ ಮಾಡಿ ಬರೆಯುತ್ತಿದ್ದಳೋ ಅದನ್ನೇ ನಾನು ಎದುರಿಗೆ ಕೂರಿಸಿಕೊಂಡು ದೊಡ್ಡದಾಗಿ ಕೂಗಿದ್ದೆ.

ಒಂಬತ್ತನೆಯ ದಿನ ಆಕೆಯ ಮನೆಗೇ ಹೋದೆ. ಜಗುಲಿಯಲ್ಲಿ ಕೂತು ಹಳೆಯ ಕೂಳಿಯ ಮುರಿದ ಕಡ್ಡಿ ತೆಗೆದು ಹೊಸದು ಹೆಣೆಯುತ್ತಿದ್ದಳು. ತಪ್ಪಾಯಿತು ಅಂದೆ. ಅಪ್ಪನ ಕಡೆಯ ಸಿಟ್ಟು ಅದು, ನನಗೆ ಬೇಡವಾದರೂ ಬರುತ್ತದೆ ಅಂದೆ. ಆಕೆ ಒಂದು ಬಿದಿರ ಕಡ್ಡಿಯ ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿದುಕೊಳ್ಳಿ ಎಂದಳು. ಹಿಡಿದುಕೊಂಡೆ. ಸುಮ್ಮನೆ ಕೂರಲಾಗದೆ, ಇದನ್ನು ಹೇಗೆ ಮಾಡುತ್ತೀರಿ ಹೇಳಿ, ಇಂಗ್ಲಿಷಿನಲ್ಲಿ ಹೇಳೋಣ ಎಂದೆ.

ಅಲ್ಲಿಂದ ನಮ್ಮ ಪಾಠ ಬದಲಾಯಿತು. ನಿನ್ನೆ ಕೂಳಿ ಎಲ್ಲಿ ಇಟ್ಟೆ, ಇವತ್ತು ಎಲ್ಲಿ ಇಡುತ್ತೀಯ, ನಾಳೆ ಎಲ್ಲಿ ಇಡುವೆ. ಭೂತ, ವರ್ತಮಾನ, ಭವಿಷ್ಯತ್ ಎಲ್ಲ ಗದ್ದೆಯಂಚಿನಲ್ಲೇ ಕಲಿತಾಯಿತು. ಕೂಳಿ ಇಡಲಾಯಿತು, ಮೀನು ಹಿಡಿಯಲಾಯಿತು ಅಂತ ಕರ್ಮಣಿ ಪ್ರಯೋಗ. ಗಂಡನಿಗೆ ಕೂಳಿ ಇಡಲು ಬರುವುದಿಲ್ಲ ಅನ್ನುವ ವಾಕ್ಯವನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿದಳು. ನುಡಿಗಟ್ಟುಗಳನ್ನು, ಇವು ಮೀನು ಕಂಡಿಲ್ಲದವರ ಮಾತು, ಪಾಪ, ನಡೆಯಲಿ ಎಂದು ಕ್ಷಮಿಸಿದಳು. ಡಿಸೆಂಬರಿನ ಹೊತ್ತಿಗೆ ಅವು ಆಕೆಯ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಹೆಡ್ಮಾಸ್ಟರು ಸಾಂಬಾರು ಚೆನ್ನಾಗಿಲ್ಲವೇನೋ ಎಂದು ರಾಗ ಎಳೆದರೆ, ನನ್ನ ಕಡೆ ತಿರುಗಿ ಸಂಥಿಂಗ್ ಫಿಶಿ ಅನ್ನುತ್ತಿದ್ದಳು.

ಪರೀಕ್ಷೆಯ ದಿನ ನನಗೆ ಸಾಗರದ ಕಡೆ ಡ್ಯೂಟಿ ಬಿದ್ದಿತ್ತು. ಸಂಜೆ ಫೋನ್ ಮಾಡಿದರೆ ಆಕೆ ಖುಷಿಯಲ್ಲಿದ್ದಳು. ಪ್ರಬಂಧಕ್ಕೆ ಮರೆಯಲಾಗದ ಪ್ರಯಾಣ ಅಂತ ಬಂದಿತ್ತು, ನಾನು ಹೋದ ಪ್ರಯಾಣ ಯಾವುದೂ ನೆನಪಾಗಲಿಲ್ಲ, ನೀವು ಹೋದದ್ದನ್ನು ಬರೆದೆ ಎಂದಳು. ಏನು ಬರೆದಿರಿ ಎಂದೆ. ಬಾಯಿಪಾಠ ಒಪ್ಪಿಸಿದಳು.

"ಟೀಚರ್ ವಾಸ್ ಫಿಶ್ ಔಟ್ ಆಫ್ ವಾಟರ್. ಫಿಶ್ ವಾಸ್ ನಾಟ್ ಫಿಶ್ ಔಟ್ ಆಫ್ ವಾಟರ್. ಫಿಶ್ ವಾಸ್ ವಾಕಿಂಗ್."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪೇಪರು ತಿದ್ದುವವರು ನನ್ನಂಥವರೇ ಆಗಿಬಿಟ್ಟರೆ ಮುಗಿಯಿತು. ಮೀನು ನಡೆಯುವುದುಂಟೇ ಎಂದು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ, ಅದೇ ಮೊದಲಿನ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಚೆನ್ನಾಗಿದೆ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಫಲಿತಾಂಶ ಬರುವವರೆಗೆ ಪ್ರತಿ ದಿನ ಆ ವಾಕ್ಯಗಳಿಗೆ ನಾನೇ ಅಂಕ ಹಾಕುತ್ತಾ, ಕಳೆಯುತ್ತಾ ಇದ್ದೆ. ಆಕೆ ಮೂರನೆಯ ಸಲವೂ ಹೋಗಿ, ಆ ಫೇಲ್ ಅನ್ನುವುದನ್ನು ಮತ್ತೆ ಬರೆಯಬೇಕಾಗಿ ಬಂದರೆ ಅದಕ್ಕೆ ನನ್ನ ಕೊಡವೇ ಕಾರಣ.

ರಜೆಯಲ್ಲಿ ಅಮ್ಮನ ಮನೆಯಲ್ಲಿದ್ದಾಗ ಫಲಿತಾಂಶ ಬಂತು. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಪಕ್ಕ ಮಾತ್ರ. ಅಲ್ಲಿ ನಿಂತು ಆಕೆಯ ಪರೀಕ್ಷೆಯ ನಂಬರು ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಕಡೆಗೂ ಪುಟ ತೆರೆಯಿತು. ಪಾಸ್. ನಾನು ಕೂಗಿದ್ದಕ್ಕೆ ಎಮ್ಮೆ ಎದ್ದು ನಿಂತಿತು. ಫೋನ್ ಮಾಡಿ ಹೇಳಿದೆ.

"ಇನ್ನೊಂದ್ ಸಲ ನೋಡಿ ಅಕ್ಕೋರೆ," ಅಂದಳು.

ಇನ್ನೊಂದು ಸಲ ಓದಿದೆ. ಆಕೆ ಕೇಳುತ್ತಲೇ ಇದ್ದಳು, ನಾನು ಓದುತ್ತಲೇ ಇದ್ದೆ. ಒಳಗೆ ಓಡಿ ಅಮ್ಮನಿಗೆ ಹೇಳಿದರೆ, ಮೀನು ಕೊಟ್ಟವಳಾ ಎಂದು ಕೇಳಿ, ನಾನು ಪಾಸಾದಾಗಲೂ ಮಾಡದ ಪಾಯಸವನ್ನು ಅವತ್ತು ಅವಳ ಹೆಸರಿನಲ್ಲಿ ಮಾಡಿದಳು.

ಜೂನಿನಲ್ಲಿ ಶಾಲೆ ತೆರೆಯಿತು. ಅಡುಗೆಯವರ ಫಾರಂ ಬಂತು. ಆಕೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಬಂದಿದ್ದಳು, ಫಾರಂ ತುಂಬುವುದಕ್ಕೆ. ನನ್ನ ಮೇಜಿನ ಎದುರು ಕೂತು ಹೆಸರು ಬರೆದಳು, ಊರು ಬರೆದಳು, ಒಂದೊಂದೇ ಕಾಲಂ ನಿಧಾನವಾಗಿ ತುಂಬಿದಳು. ವಿದ್ಯಾರ್ಹತೆಗೆ ಬಂದು ಎಸ್.ಎಸ್.ಎಲ್.ಸಿ. ಎಂದು ಬರೆದವಳು ಅಲ್ಲಿಗೆ ನಿಲ್ಲಿಸಿದಳು. ಫಾರಂ ನನ್ನ ಕಡೆ ತಿರುಗಿಸಿ ಪೆನ್ನು ಚಾಚಿದಳು. ನಿಮ್ಮ ಫಾರಂ, ನೀವೇ ಬರೆಯಿರಿ, ಎಷ್ಟು ವರ್ಷ ಕಾದಿದ್ದೀರಿ ಅಂದೆ. ಆಕೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಕೂಳಿ ಎತ್ತುವಾಗ ನೀವಿದ್ರಿ," ಅಂದಳು. "ಇದು ನಿಮ್ಮ ಪಾಲು. ಬೇಡ ಅನ್ನಂಗಿಲ್ಲ."

ಬೇಡ ಅನ್ನಲಿಲ್ಲ. ಪೆನ್ನು ತೆಗೆದುಕೊಂಡು ಪಕ್ಕದಲ್ಲಿ 'ಪಾಸ್' ಎಂದು ಬರೆದೆ. ಕಣ್ಣು ಮಂಜಾಗಿತ್ತು, ಹಾಗಾಗಿ ಅಕ್ಷರ ಸಣ್ಣದಾಯಿತು. ಆಕೆ ಬಗ್ಗಿ ನೋಡಿದಳು. ಮುಖ ಗಂಟಿಕ್ಕಿಕೊಂಡು, ಇಂಗ್ಲಿಷ್ ಟೀಚರ್ ಆಗಿ ಇಷ್ಟು ಚಿಕ್ಕದಾಗಿ ಬರೆಯುವುದೇ, ಹೆಡ್ಮಾಸ್ಟರಿಗೆ ಕನ್ನಡಕ ಇಲ್ಲದೆ ಕಾಣಬೇಕಲ್ಲ ಎಂದು ಗದರಿಸಿದಳು. ನಾನು ಅದೇ ಎರಡಕ್ಷರದ ಮೇಲೆ ಮತ್ತೆ ದಪ್ಪಗೆ ತೀಡಿ, ಕಾಲಂ ದಾಟಿ ಪಕ್ಕದ ಕಾಲಮ್ಮಿಗೂ ಹೋಗುವಷ್ಟು ದೊಡ್ಡದು ಮಾಡಿ ಕೊಟ್ಟೆ.